ನಾಲ್ಕು ಗಂಟೆಯ ಜಸ್ಟಿಸ್ ಲೀಗ್ ಮನೆಯಲ್ಲೇ ಚೆನ್ನ

ಬಾವಲಿ ಭಕ್ತ: ಸೂಪರ್‌ಹೀರೋ ಸಿನಿಮಾಗೆ ಥಿಯೇಟರೇ ಬೇಕು ಅನ್ನುವವರಿಗೆ ಒಂದು ಮಾತು. 2021ರ ಮಾರ್ಚ್‌ನಲ್ಲಿ ಬಂದ ನಿರ್ದೇಶಕ ಜ್ಯಾಕ್ ಸ್ನೈಡರ್ ಅವರ 'ಜಸ್ಟಿಸ್ ಲೀಗ್' 242 ನಿಮಿಷ ಇದೆ. ಮೊನ್ನೆ ಮನೆಯಲ್ಲಿ ಮತ್ತೆ ನೋಡಿದೆ. ಭಾಗಗಳಾಗಿ ಮಾಡಿರುವುದರಿಂದ ಊಟಕ್ಕೆ ಎದ್ದು ಬಂದರೂ ಕತೆ ತಪ್ಪುವುದಿಲ್ಲ. ಇದೇ ಸಿನಿಮಾದ 2017ರಲ್ಲಿ ಥಿಯೇಟರಿಗೆ ಬಂದ ಎರಡು ಗಂಟೆಯ ಆವೃತ್ತಿಯಲ್ಲಿ ಅರ್ಧ ಯಂತ್ರದ ಹೀರೋ ಸೈಬಾರ್ಗ್ ಸುಮ್ನೆ ಬಂದು ಹೋಗುತ್ತಾನೆ. ಇದರಲ್ಲಿ ಅವನೂ ಅವನ ಅಪ್ಪನೂ ಸೇರಿ ಇಡೀ ಸಿನಿಮಾ ಹೊತ್ತಿದ್ದಾರೆ. ಟಿವಿಯ ಎರಡೂ ಬದಿಗೆ ಕಪ್ಪು ಪಟ್ಟಿ ಕಾಣುತ್ತದೆ, ಹೆದರಬೇಡಿ.

ಸೋಫಾ ಶೂರ: "ಹೆದರಬೇಡಿ" ಅಂತೆ! 55 ಇಂಚಿನ ಟಿವಿ ತಂದಿದ್ದು ಕಪ್ಪು ಪಟ್ಟಿ ನೋಡೋಕಾ? ನಾನಂತೂ ಜೂಮ್ ಮಾಡಿ ಪರದೆ ತುಂಬಿಸಿಕೊಂಡೆ.

ಕ್ಯಾಮೆರಾ ಕಿಟ್ಟಿ: ಜೂಮ್?! ಅದರ ಅಗಲ-ಎತ್ತರದ ಲೆಕ್ಕ 4:3 ಸಾರ್. 16:9 ಟಿವಿಗೆ ಎಳೆದರೆ ಮೇಲೆ ಕೆಳಗೆ ಸೇರಿ ಕಾಲು ಭಾಗ ಹೋಗುತ್ತದೆ. ಐಮ್ಯಾಕ್ಸ್‌ನ ಎತ್ತರದ ಪರದೆ ಮನಸ್ಸಲ್ಲಿಟ್ಟುಕೊಂಡು ಸ್ನೈಡರ್ ಹಾಗೆ ಫ್ರೇಮ್ ಇಟ್ಟಿದ್ದಾರೆ.

ಸೋಫಾ ಶೂರ: "ಐಮ್ಯಾಕ್ಸ್" ಅಂತ ನೀವೇ ಹೇಳಿದಿರಿ. ಹಾಗಾದರೆ ಇದು ಮನೆಯಲ್ಲಿ ನೋಡುವ ಸಿನಿಮಾ ಹೇಗಾಯಿತು? ಭಕ್ತರೇ, ಉತ್ತರ ಕೊಡಿ.

ಬಾವಲಿ ಭಕ್ತ: ಬಿಡುಗಡೆಯಾಗಿದ್ದೇ ಸ್ಟ್ರೀಮಿಂಗ್ ಆ್ಯಪ್ ಎಚ್‌ಬಿಒ ಮ್ಯಾಕ್ಸ್‌ನಲ್ಲಿ ಸ್ವಾಮಿ. ನಾನು ಸೈಬಾರ್ಗ್ ಬಗ್ಗೆ ಬರೆದಿದ್ದೆ.

ಮಾರ್ವೆಲ್ ಮಾವ: ಎಚ್‌ಬಿಒ ಮ್ಯಾಕ್ಸ್‌ನಲ್ಲಿ ಬಂದಿದ್ದೇ ದೊಡ್ಡಸ್ತಿಕೆಯಾ? 'ವಂಡರ್ ವುಮನ್ 1984' ಕೂಡ 2020ರ ಕ್ರಿಸ್‌ಮಸ್‌ಗೆ ಅಲ್ಲೇ ಬಂತು. ಸೋಫಾ ಮೇಲೆ ಕೂತು ನೋಡಿದ್ದಕ್ಕೆ ಅದೇನು ಉದ್ಧಾರ ಆಗಲಿಲ್ಲ. ನಮ್ಮ ಮಾರ್ವೆಲ್ ಕಂಪನಿಯ 'ಎಂಡ್‌ಗೇಮ್' ಮೂರು ಗಂಟೆ, ಥಿಯೇಟರಿನಲ್ಲಿ ಜನ ಶಿಳ್ಳೆ ಹೊಡೆದು ನೋಡಿದರು.

ಚುರುಮುರಿ: ಶಿಳ್ಳೆ ಹೊಡೆದರೆ ಒಳ್ಳೆ ಸಿನಿಮಾನಾ ಮಾವ? ಅದಿರಲಿ, ಸ್ನೈಡರ್ ಸಿನಿಮಾದಲ್ಲಿ ಆಕ್ವಾಮ್ಯಾನ್ ನೀರಿಗಿಳಿದ ಮೇಲೆ ಹೆಂಗಸರು ನಿಂತು ಹಾಡುತ್ತಾರೆ, ಒಬ್ಬಳು ಅವನ ಸ್ವೆಟರ್ ಮೂಸುತ್ತಾಳೆ. ಅಷ್ಟು ಹೊತ್ತು ಯಾಕೆ ಬೇಕಿತ್ತು? ಫಾರ್ವರ್ಡ್ ಬಟನ್ ಇದ್ದಿದ್ದಕ್ಕೆ ಮನೆಯಲ್ಲಿ ಚೆನ್ನ.

ಸೋಫಾ ಶೂರ: ಬಟನ್ ಅಂದಿರಲ್ಲ, ಮೇಡಂ ಫಾರ್ವರ್ಡ್ ಒತ್ತಬಹುದು, ನಾನು ಜೂಮ್ ಒತ್ತಿದರೆ ತಪ್ಪಾ? 2017ರದ್ದು ನಮ್ಮ ಟಿವಿಯಲ್ಲಿ ಹೆಚ್ಚುಕಮ್ಮಿ ಪೂರ್ತಿ ಬರುತ್ತಿತ್ತು.

ಕ್ಯಾಮೆರಾ ಕಿಟ್ಟಿ: ಬರದೇ ಏನು! ಅದನ್ನು 1.85:1ಕ್ಕೆ ಇಳಿಸಿದ್ದರು. ಸ್ನೈಡರ್ ತೆಗೆದ ಎಷ್ಟೋ ಶಾಟ್‌ಗಳ ಮೇಲು ಕೆಳಗು ಅದರಲ್ಲಿ ಹೋಗಿದೆ. ಗ್ರೂಪ್ ಫೋಟೋ ಫ್ರೇಮಿಗೆ ಹಿಡಿಸಲ್ಲ ಅಂತ ಹಿಂದಿನ ಸಾಲಿನವರ ತಲೆ ಕತ್ತರಿಸೋ ಜನ ನೀವು.

ಸೋಫಾ ಶೂರ: "ಜನ ನೀವು" ಅಂದರೇನ್ರೀ? ಮಾತು ನೆಟ್ಟಗಿರಲಿ. ನನ್ನ ಟಿವಿ, ನನ್ನ ರಿಮೋಟ್.

ಮಾರ್ವೆಲ್ ಮಾವ: ತಲೆ ವಿಷಯ ಬಂತಲ್ಲ, 2017ರದ್ದರಲ್ಲಿ ಸೂಪರ್‌ಮ್ಯಾನ್ ಮೀಸೆ ಅಳಿಸಿದ್ದು ನೆನಪಿದೆಯಾ? ಹೆನ್ರಿ ಕ್ಯಾವಿಲ್ 'ಮಿಷನ್ ಇಂಪಾಸಿಬಲ್'ಗೆ ಮೀಸೆ ಬಿಟ್ಟಿದ್ದರು, ಇವರು ಕಂಪ್ಯೂಟರಿನಲ್ಲಿ ಬೋಳಿಸಿದರು. ಮೇಲ್ದುಟಿ ನೋಡೋಕಾಗಲ್ಲ. ಇದು ನಿಮ್ಮ ಡಿಸಿ ಕಂಪನಿ.

ಬಾವಲಿ ಭಕ್ತ: ಅದು ಸ್ನೈಡರ್ ಜಾಗಕ್ಕೆ ನಿರ್ದೇಶಕ ಜಾಸ್ ವೇಡನ್ ಬಂದ ಮೇಲೆ ಮಾಡಿದ ಮರುಚಿತ್ರೀಕರಣದ್ದು ಮಾವ! ಸ್ನೈಡರ್ ತಲೆಗೆ ಕಟ್ಟಬೇಡಿ. ಮಗಳು ತೀರಿಕೊಂಡ ಮೇಲೆ ಅವರು ಅರ್ಧದಲ್ಲೇ ಬಿಟ್ಟು ಹೋಗಿದ್ದರು. ನಾಲ್ಕು ಗಂಟೆಯದ್ದರಲ್ಲಿ ಆ ದೃಶ್ಯಗಳೇ ಇಲ್ಲ. ಅದು ಬಿಡಿ, ಸೈಬಾರ್ಗ್ ಅಪ್ಪ ಸಾಯುವ ದೃಶ್ಯ ಯಾರಾದರೂ ನೋಡಿದ್ದೀರಾ?

ಸೋಫಾ ಶೂರ: ನೋಡಿದೆ. ಜೂಮ್‌ನಲ್ಲಿ. ಚೆನ್ನಾಗೇ ಕಂಡಿತು. ವಿಲನ್ ಸ್ಟೆಪನ್‌ವುಲ್ಫ್ ಕೊಂಬು ಸಮೇತ ಕಾಣುತ್ತಿದ್ದ.

ಕ್ಯಾಮೆರಾ ಕಿಟ್ಟಿ: ಯಾವ ಶಾಟ್‌ನಲ್ಲಿ ಕೊಂಬು ಪೂರ್ತಿ ಕಂಡಿತು? ನಿಮಿಷ ಹೇಳಿ, ಈಗಲೇ ಹಾಕಿ ನೋಡುತ್ತೇನೆ.

ಸೋಫಾ ಶೂರ: 242 ಇದೆಯಲ್ಲ, ಹುಡುಕಿಕೊಳ್ಳಿ.