ಪುಣೆ: ಹಾಸಿಗೆ ಹಿಡಿದ ತಾಯಿಯನ್ನು ಕೇರ್ ಸೆಂಟರಿಗೆ ಸೇರಿಸುವ ಮುಂಚೆ ಏನು ನೋಡಬೇಕು?

ಕೋಥರೂಡ್_ಕನ್ನಡತಿ:
ಅಮ್ಮನಿಗೆ 76. ಸ್ಟ್ರೋಕ್ ಆಗಿ ಬಲಭಾಗಕ್ಕೆ ಸ್ವಾಧೀನವಿಲ್ಲ. ಮೂಗಿಗೆ ಆಹಾರ ಕೊಡುವ ರೈಲ್ಸ್ ಟ್ಯೂಬ್, ಮೂತ್ರಕ್ಕೆ ಕ್ಯಾತಿಟರ್, ಎರಡು ಹೊತ್ತು ಇನ್ಸುಲಿನ್. ಆಡುವುದು ಒಂದೆರಡು ಮಾತು, ಅದೂ ಕನ್ನಡ ಮಾತ್ರ. ವಾರಜೆ, ಸಿಂಹಗಡ ರಸ್ತೆಯ ಕಡೆ ಕೇರ್ ಸೆಂಟರ್ ಹುಡುಕುತ್ತಿದ್ದೇವೆ. ಎಲ್ಲಾ ಕಡೆ ನೆಲ ಫಳಫಳ ಅನ್ನುತ್ತೆ, ಆಫೀಸಿನಲ್ಲಿ ಚೆನ್ನಾಗಿಯೇ ಮಾತಾಡಿಸುತ್ತಾರೆ. ಒಳಗಿನ ಆರೈಕೆ ಹೇಗಿದೆ ಅಂತ ಹೊರಗಿನವರಿಗೆ ತಿಳಿಯುವುದು ಹೇಗೆ?

ವಾರ್ಡ್_ಸಿಸ್ಟರ್:
ನೆಲ ನೋಡಬೇಡಿ, ಮಗ್ಗಲು ಬದಲಿಸುವ ಚಾರ್ಟ್ ಕೇಳಿ. ತಾವಾಗಿ ಹೊರಳಲಾಗದವರನ್ನು ಸುಮಾರು ಎರಡು ಗಂಟೆಗೊಮ್ಮೆ ಹೊರಳಿಸಬೇಕು, ಹೊರಳಿಸಿದವರು ಆಗಲೇ ಸಹಿ ಹಾಕಬೇಕು. ಸಂಜೆ ಐದಕ್ಕೆ ಹೋದಾಗಲೇ ರಾತ್ರಿ ಹತ್ತರ ಸಹಿ ಬಿದ್ದಿದ್ದರೆ, ಅಥವಾ ಹಗಲು ರಾತ್ರಿಯ ಸಹಿಗಳೆಲ್ಲ ಒಂದೇ ಪೆನ್ನು, ಒಂದೇ ಕೈಬರಹದಲ್ಲಿದ್ದರೆ ಆ ಜಾಗ ಬೇಡ.

ಬೆಡ್‌ಸೋರ್, ಅಂದರೆ ಒಂದೇ ಮಗ್ಗಲಲ್ಲಿ ಮಲಗಿ ಆಗುವ ಹುಣ್ಣು, ಮೊದಲು ಶುರುವಾಗುವುದು ಬೆನ್ನಿನ ತುದಿ, ಸೊಂಟದ ಪಕ್ಕದ ಮೂಳೆ, ಹಿಮ್ಮಡಿಗಳಲ್ಲಿ. ಪುಸ್ತಕದಲ್ಲಿ ಕೆಂಪಾಗುತ್ತದೆ ಅಂತ ಇರುತ್ತೆ, ನಮ್ಮ ಮೈಬಣ್ಣದಲ್ಲಿ ಕೆಂಪು ಕಾಣುವುದು ಕಡಿಮೆ. ಸುತ್ತಲಿಗಿಂತ ಕಪ್ಪಾಗಿದೆಯೇ, ಮುಟ್ಟಿದರೆ ಬಿಸಿಯಾಗಿ ಗಟ್ಟಿಯಾಗಿದೆಯೇ ನೋಡಿ. ಅಂಥ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕಬಾರದು, ಒಳಗಿನ ಮಾಂಸ ಇನ್ನಷ್ಟು ಹಾಳಾಗುತ್ತದೆ. ನಡುವೆ ತೂತಿರುವ ರಬ್ಬರ್ ರಿಂಗ್ ಇಡುವುದೂ ತಪ್ಪು, ಅದರ ಅಂಚು ಸುತ್ತಲಿನ ರಕ್ತ ಸಂಚಾರ ತಡೆಯುತ್ತದೆ. ಪೂರ್ತಿ ಪಕ್ಕಕ್ಕೆ ಮಲಗಿಸದೆ, ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿಯಷ್ಟು ವಾಲಿಸಬೇಕು. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಎತ್ತಿರಬೇಕು.

ಟ್ಯೂಬ್ ಫೀಡ್ ಕೊಡುವ ಹೊತ್ತಿಗೇ ಭೇಟಿಗೆ ಹೋಗಿ. ತಲೆಭಾಗ 30ರಿಂದ 45 ಡಿಗ್ರಿ ಎತ್ತಿರಬೇಕು, ಫೀಡ್ ಮುಗಿದ ಮೇಲೂ ಕನಿಷ್ಠ ಅರ್ಧ ಗಂಟೆ ಹಾಗೇ ಇರಬೇಕು. ಫೀಡ್ ಆದ ತಕ್ಷಣ ಡೈಪರ್ ಬದಲಿಸಲು ಮಾವಶಿ (ಆಯಾ) ಹಾಸಿಗೆ ಚಪ್ಪಟೆ ಮಾಡಿದರೆ ಆಹಾರ ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಡೈಪರ್ ಕೆಲಸ ಫೀಡ್‌ಗೆ ಮುಂಚೆಯೇ ಮುಗಿಯಬೇಕು. ಪ್ರತಿ ಸಲ ಶುರುಮಾಡುವ ಮೊದಲು ಮೂಗಿನ ಬಳಿ ಟ್ಯೂಬಿನ ಮೇಲಿರುವ ಗುರುತು ಸರಿದಿಲ್ಲವೆಂದು ನೋಡುತ್ತಾರಾ, ಕೊನೆಗೆ 30 ಮಿಲಿ ನೀರು ಬಿಡುತ್ತಾರಾ ಗಮನಿಸಿ.

ಮೂತ್ರದ ಚೀಲ ಸೊಂಟಕ್ಕಿಂತ ಕೆಳಗೆ ತೂಗಬೇಕು, ಆದರೆ ನೆಲ ಮುಟ್ಟಬಾರದು. ವೀಲ್‌ಚೇರಿಗೆ ಸಾಗಿಸುವಾಗ ಚೀಲವನ್ನು ರೋಗಿಯ ಹೊಟ್ಟೆಯ ಮೇಲಿಡುತ್ತಾರೆ, ಆಗ ಮೂತ್ರ ಹಿಂದಕ್ಕೆ ಹರಿದು ಸೋಂಕಾಗುತ್ತದೆ.

ಔಷಧ_ಅಂಗಡಿ:
ಮಾತ್ರೆಗಳ ಬಗ್ಗೆ ನಾನು ಸೇರಿಸುತ್ತೇನೆ. ಟ್ಯೂಬಿರುವವರಿಗೆ ಎಲ್ಲಾ ಮಾತ್ರೆಗಳನ್ನೂ ಒಟ್ಟಿಗೆ ಕುಟ್ಟಿ ಹಾಕುವ ಪದ್ಧತಿ ಬಹಳ ಕಡೆ ಇದೆ. ಹೆಸರಿನ ಮುಂದೆ ಎಸ್‌ಆರ್, ಎಕ್ಸ್‌ಆರ್, ಇಆರ್ ಎಂದಿದ್ದರೆ ಕುಟ್ಟಲೇಬಾರದು. ಇಡೀ ದಿನಕ್ಕೆ ನಿಧಾನವಾಗಿ ಬಿಡುಗಡೆಯಾಗಬೇಕಾದ ಔಷಧ ಒಮ್ಮೆಲೇ ಮೈಗೆ ಸೇರುತ್ತದೆ. ಅಸಿಡಿಟಿಗೆ ಕೊಡುವ ಪ್ಯಾಂಟೊಪ್ರಜೋಲ್ ಮಾತ್ರೆಯನ್ನು ಕುಟ್ಟಿದರೆ ಹೊಟ್ಟೆಯ ಆಮ್ಲಕ್ಕೆ ಸಿಕ್ಕಿ ಕೆಟ್ಟುಹೋಗುತ್ತದೆ. ಸ್ಟ್ರೋಕ್ ನಂತರ ಫಿಟ್ಸ್‌ಗೆ ಫೆನಿಟಾಯಿನ್ ಕೊಡುತ್ತಿದ್ದರೆ ಫೀಡ್ ಜೊತೆಗೆ ಅದು ಸರಿಯಾಗಿ ಹೀರಲ್ಪಡುವುದಿಲ್ಲ, ಅಂತರ ಎಷ್ಟಿರಬೇಕೆಂದು ಡಾಕ್ಟರಿಂದ ಬರೆಸಿಕೊಳ್ಳಿ. ಸೇರಿಸುವ ಮೊದಲು ಇಡೀ ಚೀಟಿಯನ್ನು ಡಾಕ್ಟರ ಮುಂದಿಟ್ಟು, ಟ್ಯೂಬಿಗೆ ಹೊಂದುವ ಸಿರಪ್ ಅಥವಾ ಬೇರೆ ರೂಪಕ್ಕೆ ಬದಲಿಸಿಕೊಳ್ಳಿ. ಒಂದೊಂದು ಮಾತ್ರೆಯನ್ನೂ ಬೇರೆಯಾಗಿ ಪುಡಿಮಾಡಿ, ನಡುನಡುವೆ ನೀರು ಬಿಡಬೇಕು.

ನನಗೆ ಹೆಚ್ಚು ಭಯ ಇನ್ಸುಲಿನ್‌ನದು. ಇಂಜೆಕ್ಷನ್ ಆಗಿ, ಆಮೇಲೆ ವಾಂತಿಯೆಂದೋ ಟ್ಯೂಬ್ ಕಟ್ಟಿದೆಯೆಂದೋ ಫೀಡ್ ನಿಲ್ಲಿಸಿದರೆ ಶುಗರ್ ಕುಸಿಯುತ್ತದೆ. ತಲೆ ಸುತ್ತುತ್ತಿದೆ ಎಂದು ನಿಮ್ಮ ತಾಯಿ ಹೇಳಲಾರರು, ನಿದ್ದೆ ಮಾಡುತ್ತಿದ್ದಾರೆ ಅಂತ ಬಿಟ್ಟುಬಿಡುತ್ತಾರೆ. "70ಕ್ಕಿಂತ ಕೆಳಗೆ ಬಂದರೆ ಏನು ಮಾಡ್ತೀರಿ?" ಎಂದು ಮ್ಯಾನೇಜರನ್ನಲ್ಲ, ರಾತ್ರಿ ಪಾಳಿಯವರನ್ನು ಕೇಳಿ. ಎಚ್ಚರವಿದ್ದರೆ 15 ಗ್ರಾಂ ಗ್ಲೂಕೋಸ್ ನೀರಲ್ಲಿ ಕದಡಿ ಟ್ಯೂಬಿಗೆ, 15 ನಿಮಿಷಕ್ಕೆ ಮತ್ತೆ ತಪಾಸಣೆ, ಎಚ್ಚರವಿಲ್ಲದಿದ್ದರೆ ಡಾಕ್ಟರಿಗೆ ಫೋನ್ ಮತ್ತು ಆಂಬ್ಯುಲೆನ್ಸ್. ಈ ಉತ್ತರ ತಡವರಿಸದೆ ಬರಬೇಕು.

ಸೊಲ್ಲಾಪುರದವ:
ಅಕ್ಕಾರ, ಕಾಗದಪತ್ರಾನೂ ನೋಡ್ರಿ. ಬೋರ್ಡಿನ ಮ್ಯಾಲ ವೃದ್ಧಾಶ್ರಮ ಅಂತ ಇರ್ತದ, ಒಳಗ ನೋಡಿದ್ರ ಎಲ್ಲಾ ಟ್ಯೂಬಿನ ಪೇಷಂಟೇ ಇರ್ತಾರ. ನರ್ಸಿಂಗ್ ಚಿಕಿತ್ಸಾ ಕೊಡ್ತೀವಿ ಅಂದ್ರ 1949ರ ಮಹಾರಾಷ್ಟ್ರ ನರ್ಸಿಂಗ್ ಹೋಮ್ಸ್ ನೋಂದಣಿ ಕಾಯ್ದೆ ಪ್ರಕಾರ ನೋಂದಣಿ ಅದ ಏನು ಅಂತ ಕೇಳ್ರಿ. ಫೈರ್‌ದ್ದು ಫಾರ್ಮ್ ಬಿ, ಅಂದ್ರ ಬೆಂಕಿ ಆರಿಸೂ ಸಾಮಾನು ಸರಿ ಅದಾವ ಅನ್ನೂ ಸರ್ಟಿಫಿಕೇಟ್, ತೋರಸ್ರಿ ಅನ್ರಿ. ವರ್ಷಕ್ಕ ಎರಡು ಸಲ, ಜನವರಿ ಮತ್ತ ಜುಲೈದಾಗ, ಲೈಸೆನ್ಸ್ ಇದ್ದ ಏಜೆನ್ಸಿ ಕಡೆಯಿಂದ ಆಗಬೇಕು. ಮೂರನೇ ಮಜಲಿನ್ಯಾಗ ಮಲಗಿದವರನ್ನ ಲಿಫ್ಟ್ ಇಲ್ಲದ ಹೆಂಗ ಇಳಸ್ತೀರಿ ಅಂತನೂ ಕೇಳ್ರಿ.

ರಾತ್ರಿ ಒಂಬತ್ತರ ಮ್ಯಾಲ ಎಷ್ಟು ಪೇಷಂಟಿಗೆ ಎಷ್ಟು ಮಂದಿ, ಅದರಾಗ ಜಿಎನ್‌ಎಂ ಇಲ್ಲಾ ಎಎನ್‌ಎಂ ನರ್ಸಿಂಗ್ ಕೋರ್ಸ್ ಓದಿದವರು ಯಾರು? ರಜಿಸ್ಟ್ರೇಶನ್ ನಂಬರ್ ತಗೋರಿ. ಮಾವಶಿಯವರು ಜೀವಾ ತೇಯ್ದು ಮಾಡ್ತಾರ, ಆದ್ರ ಇನ್ಸುಲಿನ್ ಅವರ ಕೆಲಸ ಅಲ್ಲ. ಹೇಳದ ಭೆಟ್ಟಿಗೆ ಬರೂದಕ್ಕ ಒಪ್ಪಿಗೀನ ಕರಾರಿನ್ಯಾಗ ಬರಸ್ರಿ. ದುರ್ಲಕ್ಷ್ಯ ಕಂಡ್ರ ಹಿರಿಯರ ಸಹಾಯವಾಣಿ 14567ಕ್ಕ ಫೋನ್ ಮಾಡ್ರಿ.

ಇನ್ನ ಅಮ್ಮಾರು ಕನ್ನಡಾನ ಮಾತಾಡ್ತಾರಂದ್ರ, ನೀರು, ನೋವು, ಚಳಿ, ಸಂಡಾಸ ಇಂಥಾ ಹತ್ತು ಮಾತು ದೇವನಾಗರಿ ಲಿಪಿಯೊಳಗ ಬರದು, ಬಾಜೂಕ ಮರಾಠಿ ಅರ್ಥ ಹಾಕಿ ತಲಿಕಡೆ ಗ್ವಾಡಿಗೆ ಹಚ್ರಿ.

ಕೋಥರೂಡ್_ಕನ್ನಡತಿ:
ಎಲ್ಲರಿಗೂ ಧನ್ಯವಾದ. ಸಿಸ್ಟರ್, ಏರ್ ಬೆಡ್ (ಪಂಪಿನಿಂದ ಗಾಳಿ ತುಂಬುವ ಹಾಸಿಗೆ) ಇದ್ದರೆ ಹೊರಳಿಸುವುದು ಬೇಕಿಲ್ಲ ಅಂತ ಒಂದು ಕಡೆ ಹೇಳಿದರು. ನಿಜವೇ?

ವಾರ್ಡ್_ಸಿಸ್ಟರ್:
ಖಂಡಿತ ಅಲ್ಲ. ಏರ್ ಬೆಡ್ ಒತ್ತಡ ಕಡಿಮೆ ಮಾಡುತ್ತದೆ, ಇಲ್ಲವಾಗಿಸುವುದಿಲ್ಲ. ಅದು ಕೆಲಸ ಮಾಡುತ್ತಿದೆಯೇ ಅಂತ ನೀವೇ ನೋಡಬಹುದು: ತಾಯಿ ಮಲಗಿರುವಾಗ ಏರ್ ಬೆಡ್‌ನ ಅಡಿಗೆ, ಅವರ ಸೊಂಟದ ನೇರಕ್ಕೆ, ಅಂಗೈ ಮೇಲ್ಮುಖವಾಗಿ ತೂರಿಸಿ. ಕೈಗೂ ಮೂಳೆಗೂ ನಡುವೆ ಸುಮಾರು ಒಂದು ಇಂಚು ಗಾಳಿ ಇರಬೇಕು. ಮೂಳೆಯೇ ಕೈಗೆ ತಾಗಿದರೆ ಬೆಡ್ ಇದ್ದೂ ಇಲ್ಲದಂತೆ. ಪಂಪಿನ ಗುಂಡಿ ಅವರ ತೂಕಕ್ಕೆ ತಿರುಗಿಸಿದೆಯೇ, ಮೇಲೆ ರೆಕ್ಸಿನ್, ಎರಡು ಚಾದರ, ದಪ್ಪ ಪ್ಯಾಡ್ ಪೇರಿಸಿಲ್ಲವೇ ನೋಡಿ. ಕರೆಂಟ್ ಹೋದಾಗ ಪಂಪ್ ಇನ್ವರ್ಟರ್ ಮೇಲೆ ಓಡುತ್ತದೆಯೇ ಎಂದೂ ಕೇಳಿ. ಎಷ್ಟೋ ಕಡೆ ಇನ್ವರ್ಟರ್ ಇರುವುದು ಆಫೀಸಿನ ದೀಪಗಳಿಗೆ ಮಾತ್ರ.