ಮಕ್ಕಳ ಆಟದ ಸಾಮಾನಿಗೆ ದೊಡ್ಡ ಪೆಟ್ಟಿಗೆಯೋ, ತೆರೆದ ಶೆಲ್ಫೋ?

ಪ್ರಶ್ನೆ: ಮನೆಯ ಒಂದು ಕೋಣೆಯನ್ನು ಮಕ್ಕಳ ಆಟಕ್ಕೇ ಬಿಟ್ಟಿದ್ದೇವೆ. ದೊಡ್ಡವಳಿಗೆ ಐದು ವರ್ಷ, ಚಿಕ್ಕವನಿಗೆ ಒಂದೂವರೆ. ಮುಚ್ಚಳವಿರುವ ದೊಡ್ಡ ಪೆಟ್ಟಿಗೆಯೊಂದನ್ನು ತಂದು ಎಲ್ಲವನ್ನೂ ಅದಕ್ಕೇ ತುಂಬೋಣ ಅಂತ ನಮ್ಮವರು. ತೆರೆದ ಶೆಲ್ಫು, ಸಣ್ಣ ಬುಟ್ಟಿಗಳು ಇರಲಿ ಅಂತ ನಾನು. ಬಳಸಿದವರು ದಯವಿಟ್ಟು ಹೇಳಿ.

ಅವಳಿ ಮಕ್ಕಳ ತಾಯಿ: ಶೆಲ್ಫೇ ತಗೊಳ್ಳಿ. ಪೆಟ್ಟಿಗೆಗೆ ತುಂಬುವುದು ಸುಲಭ, ನಿಜ. ತೆಗೆಯುವಾಗ ಗೊತ್ತಾಗುತ್ತೆ ಕಷ್ಟ. ಮಗುವಿಗೆ ಬೇಕಾದ ಪುಟ್ಟ ಕಾರು ತಳದಲ್ಲೇ ಇರುತ್ತದೆ, ಅದೊಂದಕ್ಕಾಗಿ ಇಡೀ ಪೆಟ್ಟಿಗೆ ನೆಲಕ್ಕೆ ಸುರಿಯುತ್ತದೆ. ನಮ್ಮ ಹಳೆಯ ಪೆಟ್ಟಿಗೆ ಖಾಲಿ ಮಾಡಿದಾಗ ತಳದಲ್ಲಿ ಸಿಕ್ಕಿದ್ದು ಯಾವ ಪಜಲಿನದೋ ಗೊತ್ತಾಗದ ತುಂಡುಗಳು, ಗೊಂಬೆಯ ಒಂಟಿ ಚಪ್ಪಲಿ, ಬ್ಯಾಟರಿ ಮುಚ್ಚಳ ಕಳಚಿದ ರೈಲು ಎಂಜಿನ್. ಅವುಗಳಲ್ಲಿ ಯಾವುದನ್ನೂ ಮಕ್ಕಳು ಎಷ್ಟೋ ದಿನದಿಂದ ಮುಟ್ಟಿರಲಿಲ್ಲ.

ಈಗ ಮಕ್ಕಳ ಎದೆಯೆತ್ತರ ಮೀರದ ಶೆಲ್ಫು ಇದೆ. ಬುಟ್ಟಿಗಳ ಆಳ ಒಂದು ಗೇಣಿಗಿಂತ ಕಡಿಮೆ. ನಿಂತು ನೋಡಿದರೆ ತಳ ಕಾಣಬೇಕು. ತುಂಬಿದ ಬುಟ್ಟಿಯನ್ನು ಮಗು ತಾನೇ ಎತ್ತಿಕೊಂಡು ಹೋಗುವಷ್ಟು ಹಗುರವಾಗಿರಲಿ. ಮುಚ್ಚಳ ಬೇಡವೇ ಬೇಡ, ಮುಚ್ಚಳವಿದ್ದರೆ ಸಾಮಾನು ಮುಚ್ಚಳದ ಮೇಲೇ ಕೂರುತ್ತದೆ. ಇನ್ನೊಂದು ಮಾತು, ತೀರಾ ಸೂಕ್ಷ್ಮವಾಗಿ ವಿಂಗಡಿಸಬೇಡಿ. ಕಾರಿಗೊಂದು, ಲಾರಿಗೊಂದು ಅಂತ ಮಾಡಿದರೆ ಯಾರಿಗೂ ನೆನಪಿರಲ್ಲ. ನಮ್ಮಲ್ಲಿ ಗಾಲಿ ಇರುವುದೆಲ್ಲ ಒಂದೇ ಬುಟ್ಟಿಗೆ. ಎರಡು ವರ್ಷ ದಾಟಿದ ಮಗುವಿಗೂ ಅದು ಅರ್ಥವಾಗುತ್ತದೆ.

ಮರಗೆಲಸ ಮಾಡುವವರು: ಶೆಲ್ಫು ಎಷ್ಟೇ ಗಿಡ್ಡವಾಗಿರಲಿ, ಗೋಡೆಗೆ ಬಿಗಿಯದೆ ಬಿಡಬೇಡಿ, ದಯವಿಟ್ಟು. ಒಂದೂವರೆ ವರ್ಷದವನು ಅದನ್ನು ಹತ್ತೇ ಹತ್ತುತ್ತಾನೆ. 2016ರಲ್ಲಿ ಐಕಿಯಾ ಕಂಪನಿ ಅಮೆರಿಕದಲ್ಲಿ ಸುಮಾರು 2.9 ಕೋಟಿ ಡ್ರಾಯರ್ ಕಪಾಟುಗಳನ್ನು ಹಿಂದಕ್ಕೆ ಕರೆಸಿಕೊಂಡಿದ್ದು, ಅವು ಮಗುಚಿ ಮಕ್ಕಳು ಸತ್ತ ಮೇಲೆ. ಡ್ರಾಯರ್ ಎಳೆದು ಅದರ ಮೇಲೆ ಕಾಲಿಟ್ಟರೆ ಭಾರವೆಲ್ಲ ಮುಂದಕ್ಕೆ ಬರುತ್ತದೆ, ಕಪಾಟು ಹಾಗೇ ಮೈಮೇಲೆ ಬೀಳುತ್ತದೆ. ಮೇಲ್ಭಾಗದ ಎರಡೂ ಕಡೆ ಕ್ಲ್ಯಾಂಪ್ ಹಾಕಿಸಿ. ಸ್ಕ್ರೂ ಹಿಡಿಯಬೇಕಾದ್ದು ಗಟ್ಟಿ ಹಲಗೆಯನ್ನು. ಹಿಂಬದಿಯ ತೆಳು ಹಲಗೆಗೆ ಹೊಡೆದರೆ ಕಿತ್ತು ಬರುತ್ತದೆ. ಬ್ಲಾಕ್ಸ್, ಪುಸ್ತಕದಂಥ ಭಾರದ್ದೆಲ್ಲ ಕೆಳಗಿನ ಖಾನೆಯಲ್ಲಿರಲಿ.

ಪೆಟ್ಟಿಗೆಯೇ ಬೇಕು ಅಂದರೆ, ಮುಚ್ಚಳವನ್ನು ಎಷ್ಟು ತೆರೆದು ಕೈಬಿಟ್ಟರೂ ಅಲ್ಲೇ ನಿಲ್ಲುವ ಹಿಂಜ್ ಇದೆಯಾ ನೋಡಿ. ತಾನಾಗಿ ಬೀಳುವ ಚಿಲಕ ಇರಲೇಬಾರದು, ಗಾಳಿಯಾಡಲು ತೂತು ಇರಲೇಬೇಕು. ಕಣ್ಣಾಮುಚ್ಚಾಲೆ ಆಡುವ ಮಕ್ಕಳು ಒಳಗೆ ಹೋಗಿ ಕೂರುತ್ತಾರೆ.

ಶಿಶುವಿಹಾರದ ಶಿಕ್ಷಕಿ: ಎಲ್ಲಿಡಬೇಕು ಅನ್ನುವುದಕ್ಕಿಂತ ಮೊದಲು, ಎಷ್ಟನ್ನು ಹೊರಗಿಡಬೇಕು ಅಂತ ಯೋಚಿಸಿ. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದೂವರೆಯಿಂದ ಎರಡೂವರೆ ವರ್ಷದ 36 ಮಕ್ಕಳ ಮುಂದೆ ಒಮ್ಮೆ 4, ಇನ್ನೊಮ್ಮೆ 16 ಆಟಿಕೆ ಇಟ್ಟು ನೋಡಿದರು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆ ಹೆಚ್ಚು ಹೊತ್ತು, ಬಗೆಬಗೆಯಾಗಿ ಆಡಿದರು. ತರಗತಿಯಲ್ಲಿ ನಾನು ದಿನಾ ಕಾಣುವುದೂ ಇದನ್ನೇ. ಅರ್ಧ ಸಾಮಾನು ಎತ್ತಿಟ್ಟು, ಕೆಲವು ವಾರಕ್ಕೊಮ್ಮೆ ಅದಲು ಬದಲು ಮಾಡಿ. ಆಗ ಸಣ್ಣ ಶೆಲ್ಫೇ ಸಾಕಾಗುತ್ತದೆ.

ಬುಟ್ಟಿಗೆ ಹೆಸರು ಬರೆಯುವ ಬದಲು ಒಳಗಿರುವ ಸಾಮಾನಿನ ಫೋಟೋ ತೆಗೆದು ಅಂಟಿಸಿ. ಓದು ಬಾರದ ಮಗುವೂ ಸರಿಯಾದ ಜಾಗಕ್ಕೇ ಇಡುತ್ತದೆ.

ಅಕ್ಕನ ಲೆಗೊ, ಮಣಿಗಳ ವಿಷಯ ಮಾತ್ರ ಬೇರೆ. ಮೇಲೆ ಮುಚ್ಚಳ ಬೇಡ ಅಂದಿದ್ದಾರೆ, ಇವಕ್ಕೆ ಬಿಗಿ ಮುಚ್ಚಳವೇ ಬೇಕು, ಅದೂ ತಮ್ಮನ ಕೈಗೆ ಎಟುಕದ ಎತ್ತರದಲ್ಲಿ. ಟಿಶ್ಯೂ ರೋಲ್ ಮುಗಿದ ಮೇಲೆ ಉಳಿಯುವ ರಟ್ಟಿನ ಕೊಳವೆಯೊಳಗೆ ತೂರಿ ಹೋಗುವುದೆಲ್ಲ ಅವನ ಗಂಟಲಿಗೆ ಅಪಾಯ. ಆ ರೈಲು ಎಂಜಿನ್ನಿನಂತೆ ಬ್ಯಾಟರಿ ಮುಚ್ಚಳ ಕಳಚಿದ ಆಟಿಕೆಯನ್ನಂತೂ ಕೋಣೆಯಲ್ಲೇ ಇಡಬೇಡಿ. ಬಟನ್ ಬ್ಯಾಟರಿ ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ, ನಮ್ಮವರಿಗೂ ಓದಿಸಿದೆ. ಚೆಂಡು, ದೊಡ್ಡ ಟೆಡ್ಡಿಗಳು ಯಾವ ಬುಟ್ಟಿಗೂ ಹಿಡಿಯಲ್ಲ, ಅವನ್ನೇನು ಮಾಡಲಿ?

ಅವಳಿ ಮಕ್ಕಳ ತಾಯಿ: ಅವಕ್ಕೆ ಮುಚ್ಚಳವಿಲ್ಲದ ದೊಡ್ಡ ಬಟ್ಟೆ ಬುಟ್ಟಿ ಒಂದು ಮೂಲೆಯಲ್ಲಿರಲಿ. ದೂರದಿಂದ ಎಸೆದರೂ ಒಳಗೆ ಬೀಳುತ್ತವೆ, ಮಕ್ಕಳಿಗೆ ಅದೇ ಒಂದು ಆಟ. ಬಟ್ಟೆ ಒಗೆಯಲು ಬರುವಂಥದ್ದನ್ನೇ ತಗೊಳ್ಳಿ.