ಸಹಾಯ ಬೇಕು: ಕೊನೆಗೆ ಎಲ್ಲರಿಗೂ ರಕ್ಷಣೆ ಎಂಬ ನಂಬಿಕೆಯ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಮ್ಮ ಸಭೆಯ ಬೈಬಲ್ ಅಧ್ಯಯನಕ್ಕೆ ಈ ವಿಷಯ ತಯಾರಿ ಮಾಡುತ್ತಿದ್ದೇನೆ. ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ, ಚರ್ಚಿನ ಇತಿಹಾಸ ಓದಿಕೊಂಡವರು ದಯವಿಟ್ಟು ನೆರವಾಗಿ.

3ನೇ ಶತಮಾನದ ಕ್ರೈಸ್ತ ಪಂಡಿತ, ಅಲೆಕ್ಸಾಂಡ್ರಿಯಾದ ಒರಿಜೆನ್, ಕೊನೆಗೆ ಸೃಷ್ಟಿಯೆಲ್ಲ ದೇವರ ಕಡೆಗೆ ತಿರುಗುತ್ತದೆ ಎಂದು ಆಶಿಸಿದ್ದ. 4ನೇ ಶತಮಾನದ ಬಿಷಪ್, ನಿಸ್ಸಾದ ಗ್ರೆಗೊರಿ ಕೂಡ ಹೆಚ್ಚುಕಡಿಮೆ ಹಾಗೆಯೇ ಬರೆದ. ಸಾವಿನ ಹಾಸಿಗೆಯಲ್ಲಿದ್ದ ಅಕ್ಕ ಮಕ್ರಿನಾ ಜೊತೆಗಿನ ಸಂಭಾಷಣೆಯಲ್ಲಿ ಅವಳು ಒಂದು ಹೋಲಿಕೆ ಕೊಡುತ್ತಾಳೆ. ಕೆಸರು ಮೆತ್ತಿದ ಹಗ್ಗವನ್ನು ಸಣ್ಣ ತೂತಿನಿಂದ ಎಳೆದರೆ ಕೆಸರು ಕಳಚುತ್ತದೆ, ಹಗ್ಗಕ್ಕೂ ನೋವಾಗದೆ ಇರುವುದಿಲ್ಲ. ಶಿಕ್ಷೆ ಇದೆ, ಆದರೆ ಅದು ಶುದ್ಧಿಗಾಗಿ. ನನಗೆ ಇದು ತುಂಬ ಹಿಡಿಸಿತು.

ತೊಡಕು ಇಲ್ಲಿದೆ. 543ರಲ್ಲಿ ಚಕ್ರವರ್ತಿ ಜಸ್ಟಿನಿಯನ್ ಆಜ್ಞೆ ಹೊರಡಿಸಿ ಒರಿಜೆನ್‌ನ ಬೋಧನೆಯನ್ನು ಖಂಡಿಸಿದ. 553ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ನಡೆದ ಬಿಷಪ್‌ಗಳ ಮಹಾಸಭೆ ಒರಿಜೆನ್‌ನ ಹೆಸರನ್ನು ಪಾಷಂಡಿಗಳ (ತಪ್ಪು ಬೋಧನೆ ಮಾಡಿದವರ) ಸಾಲಿಗೆ ಸೇರಿಸಿತು. ಅದೇ ಸಭೆ ಗ್ರೆಗೊರಿಯನ್ನು ಪವಿತ್ರ ಪಿತೃಗಳಲ್ಲಿ (ಚರ್ಚಿನ ಮಾನ್ಯ ಆದಿ ಗುರುಗಳಲ್ಲಿ) ಒಬ್ಬನೆಂದು ಗೌರವಿಸಿತು! ಹಾಗಾದರೆ ಖಂಡಿಸಿದ್ದು ಏನನ್ನು? ಎಲ್ಲರಿಗೂ ರಕ್ಷಣೆ ಎಂಬ ಆಶೆಯನ್ನೋ, ಆತ್ಮಗಳು ಹುಟ್ಟಿಗೆ ಮೊದಲೇ ಇದ್ದವು ಎಂಬ ಒರಿಜೆನ್‌ನ ಮಾತನ್ನೋ? ನನಗಂತೂ ಎರಡನೆಯದೇ ಜಾಸ್ತಿ ಸರಿ ಅನ್ನಿಸುತ್ತದೆ.

ಇನ್ನೊಂದು. 1 ಕೊರಿಂಥ 15:22 ಕ್ರಿಸ್ತನಲ್ಲಿ ಎಲ್ಲರೂ ಜೀವ ಪಡೆಯುವರು ಎನ್ನುತ್ತದೆ. ಮತ್ತಾಯ 25:46 ನಿತ್ಯ ದಂಡನೆಯ ಮಾತಾಡುತ್ತದೆ. ಹಿರಿಯರು ಈ ವಚನ ಎತ್ತಿಯೇ ಎತ್ತುತ್ತಾರೆ, ಅವರ ಕಾಳಜಿ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಗ್ರೆಗೊರಿ ಇಂಥ ವಚನಗಳನ್ನು ಹೇಗೆ ಓದಿದ ಎಂದು ಗೊತ್ತಿರುವವರು ತಿಳಿಸಿ. ಕನ್ನಡದಲ್ಲಿ ಈ ಬಗ್ಗೆ ಪುಸ್ತಕ ಅಥವಾ ಲೇಖನ ಇದ್ದರೆ ಅದನ್ನೂ ಹೇಳಿ. ಒಪ್ಪದವರೂ ಬರೆಯಿರಿ, ಕಾರಣ ಸಮೇತ.